ಮೈಎಸ್‌ಕ್ಯುಎಲ್ ಡೇಟಾಬೇಸ್ ಕೆಟ್ಟಿದೆಯಾ? ಡೇಟಾ ಉಳಿಸಿಕೊಳ್ಳುವ ದಾರಿ, ಲಕ್ಷಣ ನೋಡಿಕೊಂಡು

ಅಂಗಡಿ ಬಿಲ್ಲಿಂಗ್, ಶಾಲೆಯ ಫೀಸು, ಕ್ಲಿನಿಕ್‌ನ ರೋಗಿಗಳ ಪಟ್ಟಿ, ಸಹಕಾರ ಸಂಘದ ಲೆಕ್ಕ. ಇಂಥ ಎಷ್ಟೋ ಸಾಫ್ಟ್‌ವೇರ್‌ಗಳ ತಳದಲ್ಲಿ ಮೈಎಸ್‌ಕ್ಯುಎಲ್ ಅಥವಾ ಅದರಿಂದಲೇ ಕವಲೊಡೆದ ಮಾರಿಯಾಡಿಬಿ ಇರುತ್ತದೆ. ಎಲ್ಲ ಸರಿ ಇರುವಾಗ ಅದರ ಹೆಸರು ಕೂಡ ಯಾರಿಗೂ ಗೊತ್ತಿರುವುದಿಲ್ಲ. ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಸಾಫ್ಟ್‌ವೇರ್ ತೆರೆಯುವುದಿಲ್ಲ, ಆಗ ಎಲ್ಲರೂ ಕಂಪ್ಯೂಟರ್ ಸುತ್ತ ನಿಂತುಬಿಡುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟ ಡೇಟಾಬೇಸ್‌ನಲ್ಲಿ ಡೇಟಾ ಬಹುಪಾಲು ಡಿಸ್ಕ್ ಮೇಲೆ ಹಾಗೇ ಇರುತ್ತದೆ. ಅದು ಶಾಶ್ವತವಾಗಿ ಹೋಗುವುದು ಜಾಸ್ತಿ ಸಲ ಆಮೇಲೆ, ಗಾಬರಿಯಲ್ಲಿ ಮಾಡುವ ರಿಪೇರಿಯಿಂದ. ಯಾರೋ ಹೇಳಿದರು ಅಂತ ಒಂದು ಫೈಲ್ ಅಳಿಸುವುದು, ಎಲ್ಲ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡುವುದು, ಅದೇ ಡಿಸ್ಕ್‌ಗೆ ಇನ್ನೇನೋ ಡೌನ್‌ಲೋಡ್ ಮಾಡುವುದು. ಹಾಗಾಗಿ ಮುಂದಿನದ್ದನ್ನೆಲ್ಲ ಅಗ್ಗದ, ಅಪಾಯ ಇಲ್ಲದ ಪರೀಕ್ಷೆಯಿಂದ ಶುರುಮಾಡಿ ಕಷ್ಟದ ಕಡೆಗೆ ಹೋಗುವ ಹಾಗೆ ಬರೆದಿದ್ದೇನೆ. ನಿಮ್ಮ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಿ, ಆದರೆ ಈ ಕೆಳಗಿನದ್ದನ್ನು ಮಾತ್ರ ಬಿಡಬೇಡಿ.

ಎಲ್ಲಕ್ಕಿಂತ ಮೊದಲು: ನಕಲು

ಸರ್ವರ್, ಅಂದರೆ ಹಿನ್ನೆಲೆಯಲ್ಲಿ ಓಡುವ ಮೈಎಸ್‌ಕ್ಯುಎಲ್ ಪ್ರೋಗ್ರಾಂ, ಅದನ್ನು ನಿಲ್ಲಿಸಿ. ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಎಕ್ಸಾಂಪ್ (ಡೇಟಾಬೇಸ್, ವೆಬ್ ಸರ್ವರ್ ಒಟ್ಟಿಗೆ ಹಾಕಿಕೊಡುವ ಪ್ಯಾಕೇಜ್) ಬಳಸುವವರಿಗೆ ಅದು ಎಕ್ಸಾಂಪ್ ಫೋಲ್ಡರ್ ಒಳಗಿನ ಮೈಎಸ್‌ಕ್ಯುಎಲ್ ಫೋಲ್ಡರ್‌ನಲ್ಲಿರುವ "ಡೇಟಾ". ಉಬುಂಟುವಿನಲ್ಲಿ ಸಾಮಾನ್ಯವಾಗಿ ವಾರ್, ಅದರೊಳಗೆ ಲಿಬ್, ಅದರೊಳಗೆ ಮೈಎಸ್‌ಕ್ಯುಎಲ್. ನಿಮ್ಮ ಡೇಟಾಬೇಸ್ ಹೆಸರಿನ ಫೋಲ್ಡರ್ ಒಂದನ್ನೇ ಕಾಪಿ ಮಾಡಿದರೆ ಸಾಲದು. ಐಬಿಡೇಟಾ1 ಅನ್ನೋ ಫೈಲ್ ಅದರ ಹೊರಗಡೆ ಇರುತ್ತದೆ, ಅದು ಇಲ್ಲದೆ ಒಳಗಿನ ಟೇಬಲ್‌ಗಳು ಸುಮ್ನೆ ತೆರೆಯುವುದಿಲ್ಲ. ಎರಡು ನಕಲು ಇರಲಿ: ಒಂದನ್ನು ಮುಟ್ಟಲೇಬೇಡಿ, ಇನ್ನೊಂದರ ಮೇಲೆ ಪ್ರಯೋಗ ಮಾಡಿ. ಸರ್ವರ್ ಓಡುತ್ತಿರುವಾಗಲೇ ಕಾಪಿ ಮಾಡಿದರೆ ಒಂದು ಫೈಲ್ ಹಳೇದು, ಇನ್ನೊಂದು ಹೊಸದು ಆಗಿ ನಕಲೇ ಕೆಟ್ಟಿರುತ್ತದೆ.

ಇದಕ್ಕೆ ಎರಡೇ ಅಪವಾದ. ಒಂದು, ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ ಕಾಪಿ ಮಾಡಲೂ ಹೋಗಬೇಡಿ, ಕಂಪ್ಯೂಟರ್ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆ ಇನ್ನಷ್ಟು ಗೀಚಿಕೊಳ್ಳಬಹುದು. ಎರಡು, ಲಿನಕ್ಸ್‌ನಲ್ಲಿ ಸರ್ವರ್ ಓಡುತ್ತಿರುವಾಗಲೇ ಯಾರೋ ಡೇಟಾ ಫೈಲ್ ಅಳಿಸಿಬಿಟ್ಟಿದ್ದರೆ ಸರ್ವರನ್ನು ನಿಲ್ಲಿಸಬಾರದು. ಅದರ ವಿವರ ಮುಂದಿದೆ.

ಲಕ್ಷಣ: ಸರ್ವರ್ ಶುರುವೇ ಆಗುತ್ತಿಲ್ಲ

ಇದನ್ನು ನೋಡಿದ ಕೂಡಲೇ "ಡೇಟಾ ಹೋಯ್ತು" ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಡೇಟಾಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ.

ಮೊದಲು ಎರರ್ ಲಾಗ್ ಓದಿ. ಎಕ್ಸಾಂಪ್‌ನಲ್ಲಿ ಡೇಟಾ ಫೋಲ್ಡರ್ ಒಳಗೇ ಮೈಎಸ್‌ಕ್ಯುಎಲ್ ಎರರ್ ಲಾಗ್ ಅಂತ ಇರುತ್ತದೆ, ನೋಟ್‌ಪ್ಯಾಡ್‌ನಲ್ಲಿ ತೆರೆದು ತೀರಾ ಕೆಳಗಿನ ಸಾಲುಗಳಿಗೆ ಹೋಗಿ, ಇವತ್ತಿನ ತಾರೀಕು ಇರುವ ಕಡೆಯಿಂದ ನೋಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕೆಂಪು ಅಕ್ಷರದಲ್ಲಿ ಬರುವ "ಅನಿರೀಕ್ಷಿತವಾಗಿ ನಿಂತಿತು" ಅನ್ನೋ ಸಂದೇಶದಿಂದ ಏನೂ ತಿಳಿಯುವುದಿಲ್ಲ, ಅಸಲಿ ಕಾರಣ ಈ ಲಾಗ್‌ನಲ್ಲೇ ಇರುತ್ತದೆ.

ಪೋರ್ಟ್ 3306 (ಸಾಫ್ಟ್‌ವೇರ್ ಸರ್ವರ್ ಜೊತೆ ಮಾತಾಡುವ ಬಾಗಿಲಿನ ಸಂಖ್ಯೆ) ಬೇರೆಯವರ ಕೈಯಲ್ಲಿದೆ ಅಂತ ಬಂದರೆ, ಅದೇ ಕಂಪ್ಯೂಟರ್‌ನಲ್ಲಿ ಇನ್ನೊಂದು ಮೈಎಸ್‌ಕ್ಯುಎಲ್ ವಿಂಡೋಸ್ ಸರ್ವಿಸ್ ಆಗಿ ಓಡುತ್ತಿದೆ ಅಂತ ಸಾಮಾನ್ಯವಾಗಿ ಅರ್ಥ. ಅದನ್ನು ನಿಲ್ಲಿಸಿದರೆ ಮುಗಿಯಿತು, ಡೇಟಾ ಸೇಫ್.

ಎರರ್ ಸಂಖ್ಯೆ 28 ಕಂಡರೆ ಡಿಸ್ಕ್ ತುಂಬಿದೆ. ಬೇಡದ ಡೌನ್‌ಲೋಡ್, ವಿಡಿಯೋ ಅಳಿಸಿ ಜಾಗ ಮಾಡಿ. ಡೇಟಾ ಫೋಲ್ಡರ್ ಒಳಗಿನ ಯಾವ ಫೈಲನ್ನೂ ಜಾಗಕ್ಕಾಗಿ ಅಳಿಸಬೇಡಿ, ಬೈನರಿ ಲಾಗ್ (ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆ) ಎಷ್ಟೇ ದೊಡ್ಡದಿದ್ದರೂ ಅದಕ್ಕೆ "ಪರ್ಜ್ ಬೈನರಿ ಲಾಗ್ಸ್" ಅನ್ನೋ ಆಜ್ಞೆಯೇ ಇದೆ. ಅಂದ ಹಾಗೆ, ಡಿಸ್ಕ್ ತುಂಬಿದಾಗ ಓಡುತ್ತಿರುವ ಸರ್ವರ್ ಒಮ್ಮೊಮ್ಮೆ ಬೀಳುವುದೇ ಇಲ್ಲ, ಜಾಗ ಸಿಕ್ಕೀತು ಅಂತ ಕಾಯುತ್ತಾ ನಿಲ್ಲುತ್ತದೆ. ಸಾಫ್ಟ್‌ವೇರ್ ಸುಮ್ಮನೆ ಹ್ಯಾಂಗ್ ಆದ ಹಾಗೆ ಕಾಣುತ್ತದೆ.

ಅನುಮತಿ ಇಲ್ಲ ಅನ್ನೋ ಅರ್ಥದ ಸಾಲು ಬಂದರೆ ಫೋಲ್ಡರ್ ಕಾಪಿ ಮಾಡುವಾಗ ಮಾಲೀಕತ್ವ ಬದಲಾಗಿರಬಹುದು, ಇಲ್ಲವೇ ಆಂಟಿವೈರಸ್ ಫೈಲನ್ನು ಹಿಡಿದುಕೊಂಡಿರಬಹುದು.

ಇಲ್ಲಿ ಒಂದು ಎಚ್ಚರಿಕೆ. "ಐಬಿ ಲಾಗ್‌ಫೈಲ್ ಅಳಿಸಿ, ಸರಿಹೋಗುತ್ತೆ", "ಐಬಿಡೇಟಾ1 ಅಳಿಸಿ, ಸ್ಟಾರ್ಟ್ ಆಗುತ್ತೆ" ಅನ್ನೋ ಸಲಹೆ ತುಂಬಾ ಓಡಾಡುತ್ತದೆ. ಸ್ಟಾರ್ಟ್ ಆಗುತ್ತೆ ನಿಜ, ಡೇಟಾ ಇಲ್ಲದೆ. ಐಬಿ ಲಾಗ್‌ಫೈಲ್ ಅಂದರೆ ಅಂಗಡಿಯವರು ಗಡಿಬಿಡಿಯಲ್ಲಿ ಗೀಚಿಡುವ ಕಚ್ಚಾ ಪುಸ್ತಕ ಇದ್ದ ಹಾಗೆ: ವ್ಯವಹಾರ ಮೊದಲು ಅಲ್ಲಿ ಬೀಳುತ್ತದೆ, ಪಕ್ಕಾ ಖಾತೆಗೆ ಆಮೇಲೆ ಏರುತ್ತದೆ. ಕರೆಂಟ್ ಹೋದಾಗ ಖಾತೆಗೆ ಏರದೆ ಉಳಿದದ್ದನ್ನು ಸರ್ವರ್ ಮುಂದಿನ ಸಲ ಏಳುವಾಗ ಅಲ್ಲಿಂದಲೇ ಓದಿಕೊಳ್ಳುತ್ತದೆ. ಅದನ್ನೇ ಎಸೆದರೆ ಕೊನೆಯ ವ್ಯವಹಾರಗಳು ಹೋಗುತ್ತವೆ, ಮೇಲಾಗಿ ಎರಡರ ತಾಳೆಯೂ ತಪ್ಪುತ್ತದೆ. ಮೈಎಸ್‌ಕ್ಯುಎಲ್ 8.0.30ರಿಂದ ಈಚೆಗೆ ಈ ಫೈಲ್‌ಗಳು ಇನ್ನೊಡಿಬಿ ರೀಡೂ ಅನ್ನೋ ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ. ಅಲ್ಲೂ ಕೈ ಹಾಕಬೇಡಿ.

ಲಕ್ಷಣ: ಎಕ್ಸಾಂಪ್, ಕರೆಂಟ್ ಹೋದ ಮೇಲೆ ಏಳುತ್ತಿಲ್ಲ, ಪೋರ್ಟ್ ಸರಿ ಇದೆ, ಜಾಗವೂ ಇದೆ

ಎಕ್ಸಾಂಪ್ ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯುಎಲ್ ಅಂತ ಬರೆದಿದ್ದರೂ 2015ರ ಕೊನೆಯಿಂದ ಈಚಿನ ಆವೃತ್ತಿಗಳಲ್ಲಿ ಒಳಗಿರುವುದು ಮಾರಿಯಾಡಿಬಿ. ಈಚಿನ ಮಾರಿಯಾಡಿಬಿಯಲ್ಲಿ ಅದರ ಸ್ವಂತ ಟೇಬಲ್‌ಗಳು, ಅಂದರೆ ಯೂಸರ್, ಪಾಸ್‌ವರ್ಡ್ ಇಡುವಂಥವು, ಏರಿಯಾ ಅನ್ನೋ ಬೇರೆ ವ್ಯವಸ್ಥೆಯಲ್ಲಿರುತ್ತವೆ. ಲಾಗ್‌ನಲ್ಲಿ ಏರಿಯಾ ಹೆಸರು ಕಂಡರೆ ಸಮಾಧಾನ ಮಾಡಿಕೊಳ್ಳಿ, ಪೆಟ್ಟು ಬಿದ್ದಿರುವುದು ಬಹುಶಃ ಸರ್ವರ್‌ನ ಟೇಬಲ್‌ಗಳಿಗೆ, ನಿಮ್ಮವಕ್ಕಲ್ಲ.

ನಕಲು ಇದೆ ಅಂತ ಖಾತರಿ ಮಾಡಿಕೊಂಡು ಹೀಗೆ ಮಾಡಿ. "ಡೇಟಾ" ಫೋಲ್ಡರ್ ಹೆಸರು ಬದಲಿಸಿ "ಡೇಟಾ ಹಳೇದು" ಅಂತ ಇಡಿ. ಪಕ್ಕದಲ್ಲೇ "ಬ್ಯಾಕಪ್" ಅನ್ನೋ ಫೋಲ್ಡರ್ ಇರುತ್ತದೆ. ಇದು ನಿಮ್ಮ ಡೇಟಾದ ಬ್ಯಾಕಪ್ ಅಲ್ಲ, ಎಕ್ಸಾಂಪ್ ಹೊಸದಾಗಿ ಹಾಕಿದಾಗ ಇದ್ದ ಖಾಲಿ ವ್ಯವಸ್ಥೆ. ಅದನ್ನು ಕಾಪಿ ಮಾಡಿ, ಆ ಕಾಪಿಗೆ "ಡೇಟಾ" ಅಂತ ಹೆಸರಿಡಿ. ಈಗ ಹಳೆಯದರಿಂದ ನಿಮ್ಮ ಡೇಟಾಬೇಸ್ ಫೋಲ್ಡರ್‌ಗಳನ್ನು ತನ್ನಿ. ಮೈಎಸ್‌ಕ್ಯುಎಲ್, ಪರ್ಫಾರ್ಮೆನ್ಸ್ ಸ್ಕೀಮಾ, ಪಿಎಚ್‌ಪಿಮೈಅಡ್ಮಿನ್ ಹೆಸರಿನವು ಬೇಡ. ಜೊತೆಗೆ ಹಳೇ ಐಬಿಡೇಟಾ1 ಮತ್ತು ಐಬಿ ಲಾಗ್‌ಫೈಲ್‌ಗಳನ್ನು ತಂದು ಹೊಸದರ ಮೇಲೆ ಹಾಕಿ. ಈ ಮೂರೂ ಒಂದೇ ಕಡೆಯವಾಗಿರಬೇಕು, ಅದು ಮುಖ್ಯ. ಸ್ಟಾರ್ಟ್ ಆದರೆ ಕೂಡಲೇ ಡಂಪ್ (ಇಡೀ ಡೇಟಾವನ್ನು ಎಸ್‌ಕ್ಯುಎಲ್ ಫೈಲ್ ಆಗಿ ಹೊರಗೆ ಬರೆಯುವುದು) ತೆಗೆದುಕೊಳ್ಳಿ, ಬೇರೆ ಕೆಲಸ ಆಮೇಲೆ. ಹೆಚ್ಚುವರಿ ಯೂಸರ್‌ಗಳನ್ನು ಮಾಡಿಕೊಂಡಿದ್ದರೆ ಮತ್ತೆ ಮಾಡಬೇಕಾಗುತ್ತದೆ, ಅಷ್ಟೇ.

ಲಕ್ಷಣ: "ಟೇಬಲ್ ಕ್ರ್ಯಾಶ್ ಆಗಿದೆ, ರಿಪೇರಿ ಮಾಡಿ" ಅಂತ ಬರುತ್ತಿದೆ

ಇದು ಹೆಚ್ಚಾಗಿ ಹಳೇ ಮೈಐಸ್ಯಾಮ್ ಬಗೆಯ ಟೇಬಲ್‌ಗಳ ಗೋಳು. 2010ರಲ್ಲಿ ಬಂದ 5.5 ಆವೃತ್ತಿಯಿಂದ ಇನ್ನೊಡಿಬಿ ಅನ್ನೋ ಇನ್ನೊಂದು ಬಗೆಯ ಟೇಬಲ್ ಮಾಮೂಲಿ ಆಯಿತು, ಆದರೆ ಅದಕ್ಕಿಂತ ಮೊದಲು ಕಟ್ಟಿದ ಸಾಫ್ಟ್‌ವೇರ್‌ಗಳು ಇನ್ನೂ ಓಡುತ್ತಿವೆ. ಮೈಐಸ್ಯಾಮ್‌ನಲ್ಲಿ ಡೇಟಾ ಒಂದು ಫೈಲ್, ಇಂಡೆಕ್ಸ್, ಅಂದರೆ ಬೇಗ ಹುಡುಕಲು ಇರುವ ಸೂಚಿ, ಇನ್ನೊಂದು ಫೈಲ್. ಕರೆಂಟ್ ಹೋದಾಗ ಎಷ್ಟೋ ಸಲ ಕೆಡುವುದು ಇಂಡೆಕ್ಸ್ ಮಾತ್ರ, ಅದನ್ನು ಡೇಟಾದಿಂದಲೇ ಮತ್ತೆ ಕಟ್ಟಬಹುದು.

ಮೊದಲು "ಚೆಕ್ ಟೇಬಲ್", ಆಮೇಲೆ "ರಿಪೇರ್ ಟೇಬಲ್". ಡಿಸ್ಕ್‌ನಲ್ಲಿ ಆ ಟೇಬಲ್‌ನಷ್ಟಾದರೂ ಖಾಲಿ ಜಾಗ ಇರಲಿ, ಯುಪಿಎಸ್ ಚಾರ್ಜ್ ಇದೆಯಾ ನೋಡಿಕೊಳ್ಳಿ. ರಿಪೇರಿ ನಡುವೆ ಸರ್ವರ್ ಬಿದ್ದರೆ, ಎದ್ದ ಮೇಲೆ ಆ ಟೇಬಲ್ ಮೇಲೆ ಬೇರೇನೂ ಮಾಡದೆ ಮೊದಲು ಮತ್ತೆ ರಿಪೇರಿಯನ್ನೇ ಓಡಿಸಬೇಕು. ಮುಗಿದ ಮೇಲೆ ಸಾಲುಗಳ ಎಣಿಕೆ ಕಡಿಮೆಯಾಗಿದೆ ಅಂತ ಬಂದರೆ ಒಪ್ಪಿಕೊಳ್ಳಬೇಡಿ, ನಕಲಿನಿಂದ ವಾಪಸ್ ತಂದು ಬೇರೆ ದಾರಿ ನೋಡಿ. ಇನ್ನೊಡಿಬಿ ಟೇಬಲ್‌ಗೆ ಈ ಆಜ್ಞೆ ಕೆಲಸ ಮಾಡುವುದಿಲ್ಲ.

ಲಕ್ಷಣ: ಪಟ್ಟಿಯಲ್ಲಿ ಟೇಬಲ್ ಹೆಸರಿದೆ, ತೆರೆದರೆ "ಎಂಜಿನ್‌ನಲ್ಲಿ ಇಲ್ಲ" ಅನ್ನುತ್ತದೆ

ಸಂಖ್ಯೆ 1932 ಕಾಣಿಸುತ್ತದೆ. ಹಳೇ ಕಂಪ್ಯೂಟರ್‌ನಿಂದ ಡೇಟಾಬೇಸ್ ಫೋಲ್ಡರ್ ಮಾತ್ರ ತಂದು ಹೊಸದಕ್ಕೆ ಹಾಕಿದಾಗ ಹೀಗಾಗುವುದು ಸಾಮಾನ್ಯ. ಡೇಟಾ ಆ ಟೇಬಲ್‌ನ ಸ್ವಂತ ಐಬಿಡಿ ಫೈಲ್‌ನಲ್ಲಿದೆ, ಆದರೆ ಅದು ಯಾವ ಟೇಬಲ್‌ನದ್ದು ಅನ್ನೋ ದಾಖಲೆ ಹಳೇ ಐಬಿಡೇಟಾ1ರಲ್ಲಿ ಉಳಿದಿದೆ.

ಅಗ್ಗದ ದಾರಿ, ಹಳೇ ಡಿಸ್ಕ್ ಹುಡುಕಿ ಇಡೀ ಡೇಟಾ ಫೋಲ್ಡರ್ ತರುವುದು. ಅದು ಸಿಗಲಿಲ್ಲವಾ? ಟೇಬಲ್‌ನ ರಚನೆ ಗೊತ್ತಿದ್ದರೆ ಇನ್ನೂ ದಾರಿ ಇದೆ. ಅದೇ ಆವೃತ್ತಿಯ ಸರ್ವರ್‌ನಲ್ಲಿ ಅದೇ ಕಾಲಂಗಳಿರುವ ಖಾಲಿ ಟೇಬಲ್ ಮಾಡಿ, "ಡಿಸ್ಕಾರ್ಡ್ ಟೇಬಲ್‌ಸ್ಪೇಸ್" ಕೊಡಿ, ಹಳೇ ಐಬಿಡಿ ಫೈಲನ್ನು ಅದರ ಜಾಗಕ್ಕೆ ಹಾಕಿ, "ಇಂಪೋರ್ಟ್ ಟೇಬಲ್‌ಸ್ಪೇಸ್" ಕೊಡಿ. ಎಚ್ಚರಿಕೆ ಸಂದೇಶ ಬಂದರೂ ಡೇಟಾ ಬರುತ್ತದೆ, ಕಾಲಂಗಳ ಕ್ರಮ, ಬಗೆ ಒಂದೂ ತಪ್ಪದಿದ್ದರೆ. ರಚನೆಗಾಗಿ ಹಳೇ ಡಂಪ್, ಸಾಫ್ಟ್‌ವೇರ್‌ನ ಇನ್‌ಸ್ಟಾಲರ್ ಒಳಗಿನ ಎಸ್‌ಕ್ಯುಎಲ್ ಫೈಲ್, ಅದೇ ಸಾಫ್ಟ್‌ವೇರ್ ಬಳಸುವ ಇನ್ನೊಂದು ಅಂಗಡಿ, ಎಲ್ಲಿಂದಾದರೂ ಸರಿ. ಕೈಯಲ್ಲಿ ಐಬಿಡಿ ಫೈಲ್ ಇದ್ದು ಅದರ ಗಾತ್ರ ಸೊನ್ನೆ ಅಲ್ಲದಿದ್ದರೆ ಆಸೆ ಬಿಡಬೇಡಿ.

ಲಕ್ಷಣ: ಸರ್ವರ್ ಏಳುತ್ತದೆ, ಒಂದು ಟೇಬಲ್ ಮುಟ್ಟಿದ ಕೂಡಲೇ ಬೀಳುತ್ತದೆ

ಇದು ನಿಜವಾದ ಪೆಟ್ಟು. ಇನ್ನೊಡಿಬಿ ಡೇಟಾವನ್ನು ಸಾಮಾನ್ಯವಾಗಿ 16 ಕೆಬಿಯ ಪುಟಗಳಲ್ಲಿ ಇಡುತ್ತದೆ. ಪ್ರತಿ ಪುಟಕ್ಕೂ ಒಂದು ಚೆಕ್‌ಸಮ್, ಅಂದರೆ ತಾಳೆ ನೋಡುವ ಸಂಖ್ಯೆ, ಇರುತ್ತದೆ. ಓದುವಾಗ ಲೆಕ್ಕ ತಾಳೆಯಾಗದಿದ್ದರೆ ತಪ್ಪು ಡೇಟಾ ಕೊಡುವ ಬದಲು ಸರ್ವರ್ ನಿಂತೇಬಿಡುತ್ತದೆ. ಲಾಗ್‌ನಲ್ಲಿ ಪುಟದ ಸಂಖ್ಯೆ ಸಮೇತ ಬರೆದಿರುತ್ತದೆ.

ಇಲ್ಲಿ ಒಂದು ಅನುಮಾನ ಇಟ್ಟುಕೊಳ್ಳಲೇಬೇಕು. ಬರೀ ಕರೆಂಟ್ ಹೋಗಿದ್ದಕ್ಕೆ ಇನ್ನೊಡಿಬಿ ಹೀಗೆ ಕೆಡಬಾರದು, ಅರ್ಧ ಬರೆದ ಪುಟವನ್ನು ಸರಿಪಡಿಸಲಿಕ್ಕೇ ಅದು ಪ್ರತಿ ಪುಟವನ್ನೂ ಎರಡು ಕಡೆ ಬರೆಯುತ್ತದೆ. ಆದರೂ ಕೆಟ್ಟಿದೆ ಅಂದರೆ ಡಿಸ್ಕ್ ಅಥವಾ ರ‍್ಯಾಮ್ ಕಡೆ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದರೆ ಡಿಸ್ಕ್‌ನ ಸ್ಮಾರ್ಟ್ ವರದಿ, ಅಂದರೆ ಅದರ ಆರೋಗ್ಯದ ಲೆಕ್ಕ, ಸಿಗುತ್ತದೆ. ಮರುಹಂಚಿಕೆಯಾದ ಅಥವಾ ಬಾಕಿ ಇರುವ ಸೆಕ್ಟರ್‌ಗಳ ಸಂಖ್ಯೆ ಸೊನ್ನೆಗಿಂತ ಜಾಸ್ತಿಯಾಗಿ ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಇನ್ನೇನೂ ಮಾಡಬೇಡಿ. ಲಿನಕ್ಸ್‌ನ ಡಿಡಿರೆಸ್ಕ್ಯೂದಿಂದ ಇಡೀ ಡಿಸ್ಕ್‌ನ ಇಮೇಜ್ ತೆಗೆದು ಅದರ ಮೇಲೆ ಕೆಲಸ ಮಾಡಿ.

ಡಿಸ್ಕ್ ಚೆನ್ನಾಗಿದ್ದರೆ ಮೊದಲು ಕೆಟ್ಟಿರುವುದು ಇಂಡೆಕ್ಸಾ, ಡೇಟಾನಾ ನೋಡಿ. "ಚೆಕ್ ಟೇಬಲ್" ಒಂದು ಇಂಡೆಕ್ಸ್ ಹೆಸರು ಹೇಳಿ, ಅದು ಪ್ರೈಮರಿ (ಡೇಟಾದ ಸಾಲುಗಳೇ ಇರುವ ಮುಖ್ಯ ಇಂಡೆಕ್ಸ್) ಅಲ್ಲದಿದ್ದರೆ, ಅದೃಷ್ಟ. ಆ ಇಂಡೆಕ್ಸ್ ತೆಗೆದು ಮತ್ತೆ ಹಾಕಿದರೆ ಆಯಿತು, ಒಂದು ಸಾಲೂ ಹೋಗುವುದಿಲ್ಲ.

ಪ್ರೈಮರಿಯೇ ಕೆಟ್ಟಿದ್ದರೆ ಸೆಟ್ಟಿಂಗ್ಸ್ ಫೈಲ್‌ನಲ್ಲಿ "ಇನ್ನೊಡಿಬಿ ಫೋರ್ಸ್ ರಿಕವರಿ" ಅನ್ನೋದನ್ನು 1ಕ್ಕೆ ಇಟ್ಟು ಸರ್ವರ್ ಶುರುಮಾಡಿ. ಇದರಲ್ಲಿ 1ರಿಂದ 6ರವರೆಗೆ ಮೆಟ್ಟಿಲುಗಳಿವೆ. 1 ಅಂದರೆ ಕೆಟ್ಟ ಪುಟ ಕಂಡರೂ ನಿಲ್ಲಬೇಡ ಅಂತ. 2 ಹಿನ್ನೆಲೆಯ ಸ್ವಚ್ಛತೆ ಕೆಲಸ ನಿಲ್ಲಿಸುತ್ತದೆ. 3 ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಹಿಂದೆಗೆಯುವುದಿಲ್ಲ. ಇಲ್ಲಿವರೆಗೆ ಹೆಚ್ಚು ಭಯವಿಲ್ಲ. 4 ಮತ್ತು ಮೇಲಿನವು ಡೇಟಾ ಫೈಲನ್ನೇ ಶಾಶ್ವತವಾಗಿ ಕೆಡಿಸಬಹುದು, 6ರಲ್ಲಿ ಕಚ್ಚಾ ಲಾಗನ್ನು ಓದುವುದೇ ಇಲ್ಲ. ನೇರ 6ಕ್ಕೆ ಹಾರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, 1ರಲ್ಲೇ ಎದ್ದು ಪೂರ್ತಿ ಬರಬಹುದಾಗಿದ್ದ ಡೇಟಾ ಅರ್ಧಂಬರ್ಧ ಬರುತ್ತದೆ. ಒಂದೊಂದೇ ಮೆಟ್ಟಿಲು ಏರಿ, ಎಲ್ಲಿ ಸರ್ವರ್ ಬೀಳದೆ ಓಡುತ್ತದೋ ಅಲ್ಲೇ ಇರಿ. ಈ ಸ್ಥಿತಿ ಡೇಟಾ ಹೊರಗೆ ತೆಗೆಯಲಿಕ್ಕೆ ಮಾತ್ರ. ಅದರಲ್ಲೇ ಬಿಲ್ ಹಾಕುತ್ತಾ ಕೂರಬಾರದು.

ಈಗ ಮೈಎಸ್‌ಕ್ಯುಎಲ್‌ಡಂಪ್‌ನಿಂದ ಒಂದೊಂದೇ ಟೇಬಲ್ ತೆಗೆಯಿರಿ, ಚೆನ್ನಾಗಿರುವವು ಮೊದಲು. ವಿಂಡೋಸ್ ಪವರ್‌ಶೆಲ್‌ನಲ್ಲಿ ಬಾಣದ ಗುರುತು ಹಾಕಿ ಫೈಲ್‌ಗೆ ಕಳಿಸಬೇಡಿ, ವಿಂಡೋಸ್ ಜೊತೆ ಬರುವ ಪವರ್‌ಶೆಲ್ ಅದನ್ನು ಯುಟಿಎಫ್-16 ಅನ್ನೋ ಬೇರೆ ಅಕ್ಷರ ಕ್ರಮಕ್ಕೆ ಬದಲಿಸಿಬಿಡುತ್ತದೆ, ವಾಪಸ್ ಹಾಕುವಾಗ ತಕರಾರು. "ರಿಸಲ್ಟ್ ಫೈಲ್" ಆಯ್ಕೆ ಬಳಸಿ.

ಕೆಟ್ಟ ಟೇಬಲ್‌ಗೆ ಬಂದಾಗ ಡಂಪ್ ನಡುವೆ ಬೀಳುತ್ತದೆ. ಆಗ ಐಡಿ ಹಿಡಿದು ತುಂಡು ತುಂಡಾಗಿ ತೆಗೆಯಬೇಕು. ಒಂದು ಟೇಬಲ್‌ನಲ್ಲಿ 40,000 ಸಾಲು ಇದೆ ಅಂದುಕೊಳ್ಳಿ. 1ರಿಂದ 10,000 ಬಂತು. 20,000ದವರೆಗೂ ಬಂತು. 20,001ರಿಂದ 30,000 ಕೇಳಿದಾಗ ಸರ್ವರ್ ಬಿತ್ತು. ಸರ್ವರ್ ಎಬ್ಬಿಸಿ, ಈ ಸಲ ಕೊನೆಯಿಂದ ಇಳಿಕೆ ಕ್ರಮದಲ್ಲಿ ಕೇಳಿ: 40,000ದಿಂದ 30,001, ಬಂತು. ಉಳಿದ 10,000ವನ್ನು ಎರಡು ಭಾಗ ಮಾಡಿ, ಬಿದ್ದ ಭಾಗವನ್ನು ಮತ್ತೆ ಎರಡು ಮಾಡಿ, ಹೀಗೇ ಹೋದರೆ ಕೊನೆಗೆ ಉಳಿಯುವುದು ಆ ಕೆಟ್ಟ ಪುಟದಲ್ಲಿದ್ದ ಸಾಲುಗಳು ಮಾತ್ರ. ಒಂದು ಪುಟ 16 ಕೆಬಿ ಅಂದೆನಲ್ಲ, ಸಾಲು ಸಣ್ಣದಿದ್ದರೆ ಅದರಲ್ಲಿ ನೂರಾರು ಸಾಲು ಹಿಡಿಯಬಹುದು, ದೊಡ್ಡದಿದ್ದರೆ ಕೆಲವೇ. ಆ ಐಡಿಗಳನ್ನು ಬರೆದಿಟ್ಟುಕೊಳ್ಳಿ, ಕಾಗದದ ರಸೀದಿಯಿಂದ ಮತ್ತೆ ತುಂಬಬಹುದು. ತಾಳ್ಮೆ ಬೇಡುವ ಕೆಲಸ, ಆದರೆ ಟೇಬಲ್ ಪೂರ್ತಿ ಹೋಯ್ತು ಅಂತ ಕೈಬಿಟ್ಟ ಕಡೆ ಇದರಿಂದ ಬಹುಪಾಲು ವಾಪಸ್ ಬರುತ್ತದೆ.

ಲಕ್ಷಣ: ಎಲ್ಲ ಓಡುತ್ತಿದೆ, ಡೇಟಾ ಮಾತ್ರ ಇಲ್ಲ

ಮೊದಲು ಸುಲಭದ್ದು. ಸಾಫ್ಟ್‌ವೇರ್ ಬೇರೆ ಸರ್ವರ್‌ಗೆ ಸೇರಿಕೊಂಡಿಲ್ಲ ಅಲ್ವಾ? ಒಂದೇ ಕಂಪ್ಯೂಟರ್‌ನಲ್ಲಿ 3306ರಲ್ಲಿ ಒಂದು, 3307ರಲ್ಲಿ ಇನ್ನೊಂದು ಇದ್ದು, ಖಾಲಿಯದ್ದನ್ನು ನೋಡಿ ಗಾಬರಿಯಾಗುವುದುಂಟು.

ಡಿಲೀಟ್ ಕೊಡುವಾಗ ಷರತ್ತು ಹಾಕುವುದು ಮರೆತು ಎಲ್ಲ ಹೋಗಿದ್ದರೆ, ಆ ಕಿಟಕಿ ಇನ್ನೂ ತೆರೆದಿದ್ದು ಕಮಿಟ್ (ಬದಲಾವಣೆ ಪಕ್ಕಾ ಮಾಡುವುದು) ಆಗಿರದಿದ್ದರೆ ಅದನ್ನು ಹಿಂದೆಗೆಯುವ "ರೋಲ್‌ಬ್ಯಾಕ್" ಸಾಕು. ಕಮಿಟ್ ಆಗಿದ್ದರೆ ಬೈನರಿ ಲಾಗ್ ಇದೆಯಾ ನೋಡಿ. ಮೈಎಸ್‌ಕ್ಯುಎಲ್ 8.0ರಲ್ಲಿ ಅದು ತಾನಾಗೇ ಆನ್ ಇರುತ್ತದೆ, ಬೇರೆ ಹೇಳದಿದ್ದರೆ 30 ದಿನ ಉಳಿಯುತ್ತದೆ. ಎಕ್ಸಾಂಪ್‌ನಲ್ಲಿ ನೀವೇ ಆನ್ ಮಾಡಿರದಿದ್ದರೆ ಇರುವುದಿಲ್ಲ. ಲಾಗ್ ಇದ್ದರೆ ಹಳೇ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಹಾಕಿ, ಆ ಡಿಲೀಟ್‌ಗಿಂತ ಒಂದು ಹೆಜ್ಜೆ ಹಿಂದಿನವರೆಗೆ ಮೈಎಸ್‌ಕ್ಯುಎಲ್‌ಬಿನ್‌ಲಾಗ್ ಅನ್ನೋ ಸಾಧನದಿಂದ ಆ ಲಾಗನ್ನು ಓಡಿಸಿ. ಬ್ಯಾಕಪ್ ಇಲ್ಲದಿದ್ದರೂ, ಲಾಗ್ ಸಾಲು ರೂಪದಲ್ಲಿದ್ದರೆ ಅಳಿಸಿದ ಪ್ರತಿ ಸಾಲಿನ ಹಳೇ ವಿವರಗಳೂ ಅದರಲ್ಲೇ ಇರುತ್ತವೆ, ಅಲ್ಲಿಂದ ಮತ್ತೆ ಕಟ್ಟಬಹುದು. ಡ್ರಾಪ್ (ಟೇಬಲನ್ನೇ ತೆಗೆಯುವುದು) ಅಥವಾ ಟ್ರಂಕೇಟ್ (ಟೇಬಲ್ ಪೂರ್ತಿ ಖಾಲಿ ಮಾಡುವುದು) ಮಾಡಿದ್ದರೆ ಲಾಗ್‌ನಲ್ಲಿ ಆಜ್ಞೆ ಮಾತ್ರ ಇರುತ್ತದೆ, ಸಾಲುಗಳು ಇರುವುದಿಲ್ಲ. ಆಗ ಕಂಪ್ಯೂಟರ್ ಬಳಕೆಯನ್ನೇ ನಿಲ್ಲಿಸಿ. ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗವನ್ನು ಅದು ತಾನೇ ಬೇಗ ಖಾಲಿ ಮಾಡುತ್ತದೆ, ಇದು ಪರಿಣತರ ಕೆಲಸ.

ಇನ್ನು ಲಿನಕ್ಸ್‌ನ ಆ ಅಪವಾದ. ಓಡುತ್ತಿರುವ ಸರ್ವರ್ ತೆರೆದಿಟ್ಟುಕೊಂಡ ಫೈಲನ್ನು ಯಾರಾದರೂ ಆರ್‌ಎಂ ಆಜ್ಞೆಯಿಂದ ಅಳಿಸಿದರೆ ಹೆಸರು ಮಾಯವಾಗುತ್ತದೆ, ಆದರೆ ಸರ್ವರ್ ಅದನ್ನು ಹಿಡಿದಿರುವ ತನಕ ಒಳಗಿನ ಡೇಟಾ ಇರುತ್ತದೆ. ನಿಲ್ಲಿಸಿದ ಕ್ಷಣವೇ ಹೋಗುತ್ತದೆ. ಆದ್ದರಿಂದ ರೀಸ್ಟಾರ್ಟ್ ಮಾಡದೆ ಮೊದಲು ಬೇರೆ ಡಿಸ್ಕ್‌ಗೆ ಡಂಪ್ ತೆಗೆಯಿರಿ. ಡಂಪ್ ಬರದಿದ್ದರೆ ಪ್ರೋಕ್ ಫೋಲ್ಡರ್‌ನಲ್ಲಿ ಆ ಸರ್ವರ್‌ನ ಪ್ರೋಸೆಸ್ ಸಂಖ್ಯೆಯ ಕೆಳಗಿನ ಎಫ್‌ಡಿ ಒಳಗೆ, "ಅಳಿಸಲಾಗಿದೆ" ಅಂತ ತೋರಿಸುವ ಕೊಂಡಿಯಿಂದ ಕಾಪಿ ಮಾಡಬಹುದು.

ಲಕ್ಷಣ: ಕನ್ನಡ ಮಾತ್ರ ಕೆಟ್ಟಿದೆ

ಇದನ್ನು ಡೇಟಾಬೇಸ್ ಹಾಳಾಗಿದೆ ಅಂದುಕೊಂಡು ಜನ ಎಲ್ಲ ಅಳಿಸಿ ಮತ್ತೆ ಟೈಪ್ ಮಾಡಲು ಕೂರುತ್ತಾರೆ. ಅದಕ್ಕೆ ಮೊದಲು ಹತ್ತಿರದಿಂದ ನೋಡಿ.

ಹೆಸರಿನ ಜಾಗದಲ್ಲಿ ತಲೆ ಮೇಲೆ ಓರೆ ಗೀಟಿರುವ ಸಣ್ಣ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಬರೆದ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬರುತ್ತಿದೆಯಾ? ಹಾಗಾದರೆ ನಿಮ್ಮ ಕನ್ನಡ ಹೆಚ್ಚುಕಡಿಮೆ ಸುರಕ್ಷಿತ. ಯುಟಿಎಫ್-8 ಅನ್ನೋ ಅಕ್ಷರ ಬರೆದಿಡುವ ಕ್ರಮದಲ್ಲಿ ಪ್ರತಿ ಕನ್ನಡ ಅಕ್ಷರ, ಪ್ರತಿ ಒತ್ತು ಗುಣಿತದ ಗುರುತು ಮೂರು ಬೈಟ್ ತೆಗೆದುಕೊಳ್ಳುತ್ತದೆ, ಮೊದಲ ಎರಡು ಬೈಟ್ ಯಾವಾಗಲೂ ಎರಡೇ ಬಗೆ. ಅವನ್ನು ಲ್ಯಾಟಿನ್1 ಅನ್ನೋ ಇನ್ನೊಂದು ಕ್ರಮ ಅಂತ ಓದಿದಾಗ ಕಾಣುವುದೇ ಆ ಜೋಡಿ. ಬೈಟ್‌ಗಳು ಇವೆ, ಓದುವ ಕ್ರಮ ತಪ್ಪಿದೆ ಅಷ್ಟೇ. ಲ್ಯಾಟಿನ್1 ಅಂತ ಹೇಳಿ, ಕ್ಯಾರೆಕ್ಟರ್ ಸೆಟ್ ಸಾಲು ಬರೆಯದ ಹಾಗೆ ಡಂಪ್ ತೆಗೆದು, ಫೈಲ್ ಒಳಗೆ ಟೇಬಲ್‌ಗಳ ಲ್ಯಾಟಿನ್1 ಅನ್ನು ಯುಟಿಎಫ್8ಎಂಬಿ4 ಮಾಡಿ, ಹೊಸ ಡೇಟಾಬೇಸ್‌ಗೆ ಯುಟಿಎಫ್8ಎಂಬಿ4 ಸಂಪರ್ಕದಲ್ಲೇ ಹಾಕಿ ನೋಡಿ.

ಆದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಬೇರೆ ಮಾತು. ಒಂದು ವೇಳೆ ತೋರಿಸುವಾಗ ಮಾತ್ರ ಹಾಗಾಗುತ್ತಿರಬಹುದು, ಆ ಕಾಲಂನ ಹೆಕ್ಸ್ (ಬೈಟ್‌ಗಳ ಸಂಖ್ಯಾರೂಪ) ಕೇಳಿ ನೋಡಿ. ಅಲ್ಲೂ 3ಎಫ್ 3ಎಫ್ 3ಎಫ್ ಅಂತಲೇ ಬಂದರೆ ಅಕ್ಷರ ಉಳಿದಿಲ್ಲ, ಹಳೇ ಬ್ಯಾಕಪ್ ಬಿಟ್ಟು ಬೇರೆ ದಾರಿಯಿಲ್ಲ.

ಲಕ್ಷಣ: ಹಣ ಕೇಳುವ ಒಂದು ಹೊಸ ಟೇಬಲ್

ನಿಮ್ಮ ಟೇಬಲ್‌ಗಳೆಲ್ಲ ಮಾಯ, ಒಂದೇ ಟೇಬಲ್‌ನಲ್ಲಿ ಬಿಟ್‌ಕಾಯಿನ್ ವಿಳಾಸ. 3306 ಅನ್ನು ಇಂಟರ್ನೆಟ್‌ಗೆ ತೆರೆದಿಟ್ಟು ಸುಲಭದ ಪಾಸ್‌ವರ್ಡ್ ಇಟ್ಟ ಕಡೆ ಇದು ಆಗುತ್ತದೆ. ನೆಟ್‌ವರ್ಕ್ ಕೇಬಲ್ ಕೀಳಿ, ಯಾವುದನ್ನೂ ಅಳಿಸಬೇಡಿ, ಲಾಗ್‌ಗಳನ್ನು ಕಾಪಿ ಮಾಡಿ. ಡೇಟಾ ಹಣ ಕೇಳುವವರ ಹತ್ತಿರ ಇದೆ ಅನ್ನೋದಕ್ಕೆ ಖಾತರಿಯಿಲ್ಲ, ಹಣ ಕಳಿಸಬೇಡಿ. ಕಂಪನಿ, ಸಂಸ್ಥೆಗಳಾಗಿದ್ದರೆ 2022ರ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. ಪೊಲೀಸರಿಗೂ ದೂರು ಕೊಡಿ.

ಯಾವಾಗ ನಿಲ್ಲಿಸಿ ಬೇರೆಯವರ ಹತ್ತಿರ ಹೋಗಬೇಕು

ಡಿಸ್ಕ್ ಸದ್ದು ಮಾಡುತ್ತಿದೆ ಅಥವಾ ಬಯಾಸ್‌ನಲ್ಲೇ ಕಾಣುತ್ತಿಲ್ಲ. ಫೋರ್ಸ್ ರಿಕವರಿ 3ರಲ್ಲೂ ಎದ್ದಿಲ್ಲ, ಬ್ಯಾಕಪ್ಪೂ ಇಲ್ಲ. ಬೈನರಿ ಲಾಗ್ ಇಲ್ಲದೆ ಟೇಬಲ್ ಡ್ರಾಪ್ ಆಗಿದೆ. ಇಂಥ ಕಡೆ ಇನ್ನೊಂದು ಪ್ರಯತ್ನ ಅಂತ ಹೋಗುವುದಕ್ಕಿಂತ ನಿಲ್ಲಿಸುವುದೇ ಲಾಭ. ಐಬಿಡಿ ಫೈಲ್‌ನಿಂದ ಸರ್ವರ್ ಇಲ್ಲದೆಯೇ ಸಾಲುಗಳನ್ನು ಹೆಕ್ಕುವ ಸಾಧನಗಳು ಇವೆ, ಅದನ್ನು ಬಲ್ಲವರು ಮಾಡಲಿ.

ಅವರಿಗೆ ಡಿಸ್ಕ್ ಜೊತೆ ಸರ್ವರ್‌ನ ನಿಖರ ಆವೃತ್ತಿ, ಎರರ್ ಲಾಗ್, ಟೇಬಲ್‌ಗಳ ರಚನೆ, ಇಲ್ಲಿವರೆಗೆ ನೀವು ಏನೇನು ಮಾಡಿದಿರಿ ಅನ್ನೋ ಪಟ್ಟಿ ಕೊಡಿ. ಏನನ್ನೂ ಮುಚ್ಚಿಡಬೇಡಿ, ಅಳಿಸಿದ ಫೈಲ್ ಇದ್ದರೆ ಅದನ್ನೂ ಹೇಳಿ. ಡೇಟಾದಲ್ಲಿ ಜನರ ಆಧಾರ್ ಸಂಖ್ಯೆ, ಫೋನ್, ಕಾಯಿಲೆಯ ವಿವರ ಇದ್ದರೆ ಗುಟ್ಟು ಕಾಪಾಡುವ ಬಗ್ಗೆ ಬರಹದಲ್ಲೇ ಒಪ್ಪಂದ ಮಾಡಿಕೊಳ್ಳಿ, ಅದು ನಿಮ್ಮ ಡೇಟಾ ಅಲ್ಲ, ಆ ಜನರದ್ದು.

ಡೇಟಾ ಬಂತು, ಈಗ?

ಹೊಸ ಡಿಸ್ಕ್, ಹೊಸದಾಗಿ ಹಾಕಿದ ಸರ್ವರ್, ಅದರ ಮೇಲೆ ಡಂಪ್. ಕೆಟ್ಟ ಫೋಲ್ಡರ್ ಮೇಲೆಯೇ ಮುಂದುವರಿಯಬೇಡಿ, ಸೆಟ್ಟಿಂಗ್ಸ್‌ನಲ್ಲಿ ಫೋರ್ಸ್ ರಿಕವರಿ ಸಾಲು ಉಳಿದಿಲ್ಲ ಅಂತ ನೋಡಿಕೊಳ್ಳಿ. ಆಮೇಲೆ ತಾಳೆ ಹಾಕಿ: ಪ್ರತಿ ಟೇಬಲ್‌ನ ಸಾಲುಗಳ ಎಣಿಕೆ, ಕೊನೆಯ ಬಿಲ್ ನಂಬರ್, ತಿಂಗಳವಾರು ಮೊತ್ತ. ಪ್ರಿಂಟಾದ ರಸೀದಿ ಪುಸ್ತಕ, ಸಲ್ಲಿಸಿದ ಜಿಎಸ್‌ಟಿ ಲೆಕ್ಕ ಇದ್ದರೆ ಅದರ ಜೊತೆ ಹೊಂದಿಸಿ. ನಡುವೆ ನಂಬರ್ ಬಿಟ್ಟುಹೋಗಿದ್ದರೆ ಅಲ್ಲಿ ಸಾಲು ಹೋಗಿರಬಹುದು.

ಮುಟ್ಟದೆ ಇಟ್ಟ ಆ ಮೊದಲ ನಕಲನ್ನು ಮಾರ್ಚ್ ಲೆಕ್ಕ, ಆಡಿಟ್ ಎಲ್ಲ ಮುಗಿಯುವ ತನಕ ಅಳಿಸಬೇಡಿ. ಕಾಣೆಯಾದ ಸಾಲು ಗೊತ್ತಾಗುವುದು ಸಾಮಾನ್ಯವಾಗಿ ಆಗಲೇ.